ಸಂಗಾತಿ ತೀರಿಕೊಂಡ ಮೇಲೆ ಆಸ್ಪತ್ರೆಯಿಂದ ಕೇಸ್ ಶೀಟ್ ಮತ್ತು ಉತ್ತರ ಪಡೆಯುವ ಬಗೆ

ಗಂಡನೋ ಹೆಂಡತಿಯೋ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಮನೆಗೆ ಬರುವ ಕಾಗದ ಹೆಚ್ಚಾಗಿ ಎರಡೇ: ಒಂದೆರಡು ಪುಟದ ಡೆತ್ ಸಮ್ಮರಿ ಮತ್ತು ಬಿಲ್ಲು. ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಐಸಿಯುಗೆ ಯಾಕೆ ಅಷ್ಟು ತಡವಾಗಿ ಹಾಕಿದರು? ರಾತ್ರಿ ಯಾವ ಡಾಕ್ಟರು ನೋಡಿದರು? ಆ ಇಂಜೆಕ್ಷನ್ ಆದಮೇಲೇ ಯಾಕೆ ಉಸಿರಾಟ ಕೆಟ್ಟಿತು? ಇವಕ್ಕೆ ಉತ್ತರ ಡೆತ್ ಸಮ್ಮರಿಯಲ್ಲಿ ಸಿಗುವುದಿಲ್ಲ. ಅದು ಎಲ್ಲ ಮುಗಿದ ಮೇಲೆ ಬರೆದ ಸಾರಾಂಶ. ಆಯಾ ಗಳಿಗೆಯಲ್ಲಿ ಬರೆದಿಟ್ಟದ್ದು ಇರುವುದು ಕೇಸ್ ಶೀಟಿನಲ್ಲಿ.

ಕರ್ನಾಟಕದ ಆಸ್ಪತ್ರೆಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಕ್ರಮ ಇದು. ಮೊದಲು ಕಾಗದ, ಆಮೇಲೆ ಡಾಕ್ಟರ ಜೊತೆ ಮಾತು, ಬೇಕಿದ್ದರೆ ಕೊನೆಗೆ ದೂರು. ಈ ಸರದಿಯನ್ನು ತಿರುವುಮುರುವು ಮಾಡಬೇಡಿ. ಆರೋಪದಿಂದ ಶುರುಮಾಡಿದರೆ ಫೈಲು ರೆಕಾರ್ಡ್ ವಿಭಾಗದಿಂದ ಆಸ್ಪತ್ರೆಯ ವಕೀಲರ ಮೇಜಿಗೆ ಹೋಗಿ ಕೂರುತ್ತದೆ. ಆಮೇಲೆ ಪ್ರತಿ ಪುಟಕ್ಕೂ ಅಲೆದಾಟ. ಕಾಗದ ಕೇಳುವುದು ಜಗಳವಲ್ಲ, ನಿಮ್ಮ ಹಕ್ಕು. ಕಾರಣ ಹೇಳಬೇಕಾದ ಅಗತ್ಯವೂ ಇಲ್ಲ.

ದೇಹ ಇನ್ನೂ ಆಸ್ಪತ್ರೆಯಲ್ಲಿದ್ದರೆ

ಸಾವಿನ ಕಾರಣದ ಬಗ್ಗೆ ನಿಜವಾದ ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆಯ ತೀರ್ಮಾನ ಅಂತ್ಯಕ್ರಿಯೆಗೆ ಮುಂಚೆಯೇ ಆಗಬೇಕು. ದಹನವಾದ ಮೇಲೆ ಆ ದಾರಿ ಮುಚ್ಚಿಹೋಗುತ್ತದೆ. ಅಪಘಾತ, ವಿಷ, ಬಿದ್ದು ಪೆಟ್ಟಾದದ್ದು, ಆತ್ಮಹತ್ಯೆಯಂಥ ಸಾವುಗಳಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಪೊಲೀಸರೇ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿ ಪರೀಕ್ಷೆ ಮಾಡಿಸುತ್ತಾರೆ. ಚಿಕಿತ್ಸೆಯ ಬಗ್ಗೆಯೇ ಅನುಮಾನವಿದ್ದರೆ ಆಸ್ಪತ್ರೆ ಇರುವ ಸರಹದ್ದಿನ ಠಾಣೆಗೆ ನೀವೇ ಲಿಖಿತ ದೂರು ಕೊಟ್ಟು ಪರೀಕ್ಷೆ ಕೇಳಬೇಕಾಗುತ್ತದೆ. ಮದುವೆಯಾಗಿ 7 ವರ್ಷದೊಳಗೆ ಹೆಂಡತಿ ಅನುಮಾನಾಸ್ಪದವಾಗಿ ಅಥವಾ ಆತ್ಮಹತ್ಯೆಯಿಂದ ತೀರಿಕೊಂಡರೆ ಪಂಚನಾಮೆ ಮ್ಯಾಜಿಸ್ಟ್ರೇಟರ ಎದುರು ಆಗುತ್ತದೆ. ಅದು ಕಾನೂನಿನ ಕಟ್ಟಳೆ, ಗಂಡನ ಮೇಲೆ ಹೊರಿಸಿದ ಆರೋಪ ಎಂದು ಎದೆಗುಂದಬೇಕಿಲ್ಲ.

ಪರೀಕ್ಷೆ ಆಗಿದ್ದರೆ ಯುಡಿಆರ್ ಸಂಖ್ಯೆ ಮತ್ತು ತನಿಖಾಧಿಕಾರಿಯ ಹೆಸರು ಬರೆದಿಟ್ಟುಕೊಳ್ಳಿ. ವರದಿ ಹೋಗುವುದು ಠಾಣೆಗೆ, ನಿಮ್ಮ ಮನೆಗಲ್ಲ. ಪ್ರತಿಗೆ ಠಾಣೆಗೇ ಅರ್ಜಿ ಕೊಡಬೇಕು. ಒಳಾಂಗಗಳ ಮಾದರಿಯನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದ್ದರೆ ಮೊದಲ ವರದಿಯಲ್ಲಿ ‘ಅಂತಿಮ ಅಭಿಪ್ರಾಯ ಕಾಯ್ದಿರಿಸಿದೆ’ ಎಂದಿರುತ್ತದೆ. ಪ್ರಯೋಗಾಲಯದ ವರದಿಗೆ ತಿಂಗಳುಗಳೇ ಹಿಡಿಯಬಹುದು. ಅದು ಬಂದ ಮೇಲೆ ಬರೆಯುವ ಅಂತಿಮ ಅಭಿಪ್ರಾಯದ ಪ್ರತಿಯನ್ನು ಬೇರೆಯಾಗಿಯೇ ಕೇಳಿ. ಬಹಳ ಜನ ಮೊದಲ ವರದಿ ಸಿಕ್ಕಿತೆಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಮೊದಲ ವಾರದಲ್ಲಿ ಕೈತಪ್ಪುವಂಥವು

ಕೇಸ್ ಶೀಟ್ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಆದರೆ ಕೆಲವು ವಸ್ತುಗಳು ಅಷ್ಟು ಕಾಯುವುದಿಲ್ಲ.

ತೀರಿಕೊಂಡವರ ಮೊಬೈಲ್ ನಂಬರನ್ನು ಸದ್ಯಕ್ಕೆ ರದ್ದು ಮಾಡಿಸಬೇಡಿ, ರೀಚಾರ್ಜ್ ತಪ್ಪಿಸಬೇಡಿ. ಲ್ಯಾಬ್ ವರದಿಯ ಲಿಂಕು, ಆಸ್ಪತ್ರೆಯ ಆ್ಯಪ್, ಆಭಾ ಎನ್ನುವ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ, ವಿಮೆಯ ಸಂದೇಶ ಎಲ್ಲವೂ ಆ ನಂಬರಿಗೆ ಬರುವ ಒಟಿಪಿಯ ಮೇಲೆ ನಿಂತಿರುತ್ತವೆ. ಎಸ್‌ಎಂಎಸ್‌ನಲ್ಲಿ ಬಂದ ವರದಿಗಳನ್ನು ಪಿಡಿಎಫ್ ಮಾಡಿ ಇಳಿಸಿಕೊಳ್ಳಿ. ಆ ಲಿಂಕುಗಳು ಕೆಲವು ದಿನಗಳಲ್ಲಿ ಸತ್ತುಹೋಗುತ್ತವೆ.

ಇಸಿಜಿ ಪಟ್ಟಿ, ರಕ್ತದ ಗ್ಯಾಸ್ ಪರೀಕ್ಷೆಯ ಚೀಟಿ, ಕೆಲವು ಔಷಧದ ಬಿಲ್ಲುಗಳು ಥರ್ಮಲ್ ಕಾಗದದವು. ಬಿಸಿಲಿಗೂ ಪ್ಲಾಸ್ಟಿಕ್ ಕವರಿಗೂ ಅಕ್ಷರ ಮಾಸಿಹೋಗುತ್ತದೆ. ಇವತ್ತೇ ಬೆಳಕಿನಲ್ಲಿಟ್ಟು ಫೋಟೋ ತೆಗೆಯಿರಿ. ಸಿಸಿಟಿವಿ ದೃಶ್ಯ ನಿಮಗೆ ಮುಖ್ಯವೆನಿಸಿದರೆ (ತುರ್ತು ವಿಭಾಗದಲ್ಲಿ ಎಷ್ಟು ಹೊತ್ತು ಕಾಯಿಸಿದರು ಎಂಬಂಥದ್ದು) ದಿನಾಂಕ, ಹೊತ್ತು, ಜಾಗ ಹೇಳಿ ಅದನ್ನು ಅಳಿಸದೆ ಉಳಿಸಿಡುವಂತೆ ತಕ್ಷಣ ಪತ್ರ ಕೊಡಿ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ದಾಖಲಾಗುತ್ತ ಹೋಗುತ್ತದೆ.

ವಿಮೆಗೆ ಮೂಲ ಕಾಗದ ಕೊಡುವ ಮುಂಚೆ ಪ್ರತಿ ಹಾಳೆಯ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಒಮ್ಮೆ ಕೊಟ್ಟದ್ದನ್ನು ಮರಳಿ ಪಡೆಯುವುದು ಕಷ್ಟ.

ನಿಮ್ಮ ನೆನಪನ್ನೂ ಈ ವಾರವೇ ಬರೆದಿಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಏನೆಂದರು, ವಾರ್ಡಿನಲ್ಲಿ ಜೊತೆಗಿದ್ದವರು ಯಾರು. ಜೊತೆಗಿದ್ದ ಮಗ, ಅತ್ತಿಗೆ, ಭಾವ, ಪಕ್ಕದ ಮನೆಯವರು ತಾವು ಕಂಡದ್ದನ್ನು ಬೇರೆ ಬೇರೆಯಾಗಿ ಬರೆಯಲಿ. ಒಟ್ಟಿಗೆ ಕೂತು ಬರೆದರೆ ಒಬ್ಬರ ನೆನಪು ಇನ್ನೊಬ್ಬರದಕ್ಕೆ ಬೆರೆತುಹೋಗುತ್ತದೆ.

ಅರ್ಜಿ: ಯಾರಿಗೆ, ಯಾವ ನಿಯಮದಡಿ

ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಾವಳಿಯನ್ನು ಹಿಡಿದು ಕೇಳಿ. ಅದರ 1.3.1ರ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. 1.3.2ರ ಪ್ರಕಾರ ರೋಗಿಯೋ ಅಧಿಕೃತ ಸಹಾಯಕರೋ ಕೇಳಿದರೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ 7.2ರಡಿ ಅದು ವೃತ್ತಿ ದುರ್ನಡತೆ. 2023ರಲ್ಲಿ, ಆ ಮಂಡಳಿಯ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ಹೊರಡಿಸಿ ಅದೇ ತಿಂಗಳು ತಡೆಹಿಡಿಯಿತು. ಆದ್ದರಿಂದ ‘ಹಳೇ ನಿಯಮ ಈಗಿಲ್ಲ’ ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ.

ಇಲ್ಲೊಂದು ಸೂಕ್ಷ್ಮವಿದೆ. ಈ ನಿಯಮ ಕಟ್ಟಿಹಾಕುವುದು ಡಾಕ್ಟರನ್ನು, ಆಸ್ಪತ್ರೆಯ ಕಂಪನಿಯನ್ನಲ್ಲ. ಹಾಗಾಗಿ ಅರ್ಜಿಯನ್ನು ಮೆಡಿಕಲ್ ಸೂಪರಿಂಟೆಂಡೆಂಟ್ ಹೆಸರಿಗೆ ಬರೆದು, ಚಿಕಿತ್ಸೆ ಕೊಟ್ಟ ಮುಖ್ಯ ಡಾಕ್ಟರಿಗೂ ಎಂಆರ್‌ಡಿ ಎನ್ನುವ ರೆಕಾರ್ಡ್ ವಿಭಾಗಕ್ಕೂ ಪ್ರತಿ ಹಾಕಿ. ಬರೀ ಎಂಆರ್‌ಡಿ ಗುಮಾಸ್ತರಿಗೆ ಕೊಟ್ಟರೆ ‘ಡಾಕ್ಟರ ಸಹಿ ಬಾಕಿ ಇದೆ, ಮುಂದಿನ ವಾರ ಬನ್ನಿ’ ಎಂಬಲ್ಲಿಗೆ ಕೆಲಸ ನಿಲ್ಲುತ್ತದೆ. ಸಾವಾದ ಮೇಲೆ ಫೈಲು ವಾರ್ಡಿನಿಂದ ಬಿಲ್ಲಿಂಗಿಗೆ, ಅಲ್ಲಿಂದ ಸಹಿಗೆ, ಆಮೇಲೆ ಎಂಆರ್‌ಡಿಗೆ ಹೋಗುವುದು ನಿಜ. ಆದರೆ ಸಹಿ ಬಾಕಿ ಇರುವ ಪುಟವನ್ನು ಇದ್ದ ಹಾಗೇ ಜೆರಾಕ್ಸ್ ಮಾಡಿ ಕೊಡಿ ಎಂದು ನೀವು ಕೇಳಬಹುದು.

ಪತ್ರ ಹೀಗಿರಲಿ:

ಇವರಿಗೆ: ಮೆಡಿಕಲ್ ಸೂಪರಿಂಟೆಂಡೆಂಟ್, (ಆಸ್ಪತ್ರೆಯ ಹೆಸರು, ಊರು)
ಪ್ರತಿ: ಡಾ. (ಹೆಸರು, ವಿಭಾಗ), ವೈದ್ಯಕೀಯ ದಾಖಲೆ ವಿಭಾಗ
ವಿಷಯ: ದಿವಂಗತ (ಹೆಸರು), ಐಪಿ (ಒಳರೋಗಿ) ಸಂಖ್ಯೆ (…), ಇವರ ಸಂಪೂರ್ಣ ವೈದ್ಯಕೀಯ ದಾಖಲೆಗಳ ದೃಢೀಕೃತ ಪ್ರತಿ ಕೋರಿ

ಮಾನ್ಯರೇ, ಮೇಲ್ಕಂಡವರು ನನ್ನ ಪತಿ/ಪತ್ನಿ. ದಿನಾಂಕ (…) ರಂದು ತಮ್ಮಲ್ಲಿ ದಾಖಲಾಗಿ (…) ರಂದು ನಿಧನರಾದರು. 2002ರ ವೃತ್ತಿ ನಡವಳಿಕೆ ನಿಯಮಾವಳಿಯ 1.3.2ರಂತೆ, ಕೆಳಗೆ ಪಟ್ಟಿ ಮಾಡಿದ ದಾಖಲೆಗಳೂ ಸೇರಿ ಸಂಪೂರ್ಣ ಕೇಸ್ ಶೀಟಿನ ಪುಟಸಂಖ್ಯೆ ಹಾಕಿದ, ಪ್ರತಿ ಪುಟಕ್ಕೂ ಸೀಲು ಮತ್ತು ಸಹಿ ಇರುವ ಪ್ರತಿಯನ್ನು 72 ಗಂಟೆಯೊಳಗೆ ಕೊಡಿಸಬೇಕಾಗಿ ವಿನಂತಿ. ಪ್ರತಿ ಮಾಡುವ ಶುಲ್ಕವನ್ನು ಪಾವತಿಸುತ್ತೇನೆ. ಪಟ್ಟಿಯಲ್ಲಿ ಯಾವುದಾದರೂ ಲಭ್ಯವಿಲ್ಲದಿದ್ದರೆ ಅದನ್ನು ಲಿಖಿತವಾಗಿ ತಿಳಿಸಬೇಕು.

ಕೊನೆಯ ವಾಕ್ಯ ಬಿಡಬೇಡಿ. ‘ಸಿಗಲಿಲ್ಲ’ ಎಂದು ಬಾಯಲ್ಲಿ ಹೇಳುವುದು ಸುಲಭ, ಬರೆದು ಸಹಿ ಹಾಕುವುದು ಅಷ್ಟು ಸುಲಭವಲ್ಲ.

ಜೊತೆಗೆ ನಿಮ್ಮ ಮತ್ತು ಅವರ ಆಧಾರ್ ಪ್ರತಿ, ಮರಣ ಪ್ರಮಾಣಪತ್ರ (ಇನ್ನೂ ಬಂದಿಲ್ಲವಾದರೆ ಡೆತ್ ಸಮ್ಮರಿ), ಮದುವೆ ನೋಂದಣಿ ಪತ್ರ ಲಗತ್ತಿಸಿ. ಮದುವೆ ನೋಂದಣಿ ಆಗಿಲ್ಲದಿದ್ದರೆ ಇಬ್ಬರ ಹೆಸರೂ ಇರುವ ರೇಷನ್ ಕಾರ್ಡ್ ಅಥವಾ ಪಾಸ್‌ಪೋರ್ಟ್ ಸಾಲುತ್ತದೆ. ದಾಖಲಾಗುವಾಗ ಸಹಿ ಮಾಡಿದವರು ನೀವೇ ಆಗಿದ್ದರೆ ಅದನ್ನೂ ಪತ್ರದಲ್ಲಿ ಹೇಳಿ. ನಾಡಕಚೇರಿಯ ವಂಶವೃಕ್ಷ ಪತ್ರ ಬರುವ ತನಕ ಕಾಯುತ್ತ ಕೂರಬೇಡಿ. ಆಸ್ಪತ್ರೆ ಅದನ್ನೇ ಹಟಹಿಡಿದು ಕೇಳಿದರೆ ಆಗ ಮಾಡಿಸಿದರಾಯಿತು. ನೀವು ಹೊರದೇಶದಲ್ಲಿದ್ದರೆ ಇಲ್ಲಿರುವ ಮೈದುನನಿಗೋ ಮಗಳಿಗೋ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಿ, ಅರ್ಜಿಯನ್ನು ನಿಮ್ಮದೇ ಇಮೇಲಿನಿಂದಲೂ ಹಾಕಿ.

ಅರ್ಜಿಯ ಎರಡು ಪ್ರತಿ ಒಯ್ದು ಒಂದರ ಮೇಲೆ ಇನ್‌ವರ್ಡ್ ಸೀಲು, ದಿನಾಂಕ, ಹೊತ್ತು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಅಲ್ಲೇ ವಾದ ಬೇಡ. ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನೂ ತಲುಪಿದ ವಿವರದ ಪುಟದ ಪ್ರಿಂಟನ್ನೂ ಇಟ್ಟುಕೊಳ್ಳಿ, ಇಮೇಲನ್ನೂ ಕಳಿಸಿ.

ಪಟ್ಟಿಯಲ್ಲಿ ಏನೇನು

‘ಎಲ್ಲ ದಾಖಲೆ ಕೊಡಿ’ ಎಂದರೆ ಡೆತ್ ಸಮ್ಮರಿ ಮತ್ತು ಲ್ಯಾಬ್ ವರದಿ ಕೈಗಿಟ್ಟು ಕಳಿಸುತ್ತಾರೆ. ಹೆಸರು ಹಿಡಿದು ಕೇಳಿ:

- ತುರ್ತು ವಿಭಾಗದ ಮೊದಲ ತಪಾಸಣೆಯ ಹಾಳೆ, ದಾಖಲಾತಿ ಹಾಳೆ, ಬೇರೆ ಆಸ್ಪತ್ರೆಯಿಂದ ತಂದ ರೆಫರಲ್ ಪತ್ರ, ಆಂಬುಲೆನ್ಸ್ ದಾಖಲೆ
- ಡಾಕ್ಟರ ದೈನಂದಿನ ಟಿಪ್ಪಣಿ, ಬೇರೆ ವಿಭಾಗದ ಡಾಕ್ಟರು ಬಂದು ನೋಡಿ ಬರೆದದ್ದು
- ನರ್ಸ್ ನೋಟ್ಸ್, ಟಿಪಿಆರ್ ಚಾರ್ಟ್ (ಜ್ವರ, ನಾಡಿ, ಉಸಿರಾಟ ಬರೆದದ್ದು), ದೇಹಕ್ಕೆ ಹೋದ ಮತ್ತು ಹೊರಬಂದ ದ್ರವದ ಲೆಕ್ಕದ ಹಾಳೆ
- ಡ್ರಗ್ ಚಾರ್ಟ್ (ಔಷಧ ಕೊಟ್ಟ ಹೊತ್ತು, ಕೊಟ್ಟವರ ಸಹಿ ಇರುವುದು)
- ಐಸಿಯು ಚಾರ್ಟ್, ವೆಂಟಿಲೇಟರ್ ದಾಖಲೆ, ಕೊನೆಯ ಸಿಪಿಆರ್ (ನಿಂತ ಹೃದಯ, ಉಸಿರು ಮರಳಿಸುವ ಯತ್ನ) ವಿವರ
- ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಅರಿವಳಿಕೆ ಚಾರ್ಟ್, ರಕ್ತ ಕೊಟ್ಟ ದಾಖಲೆ, ನಿಮ್ಮಿಂದ ಸಹಿ ಪಡೆದ ಎಲ್ಲ ಒಪ್ಪಿಗೆ ಪತ್ರಗಳು
- ಎಲ್ಲ ಲ್ಯಾಬ್ ವರದಿ, ಇಸಿಜಿ. ಸ್ಕ್ಯಾನಿನ ಫಿಲ್ಮ್ ಮಾತ್ರವಲ್ಲ, ಡೈಕಾಮ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರ) ರೂಪದ ಸಿಡಿ
- ಔಷಧಾಲಯದ ದಿನವಾರು ಬಿಲ್ಲು, ವಾಪಸು ಕೊಟ್ಟ ಔಷಧದ ವಿವರ, ವಿಮೆಗೆ ಅಥವಾ ಆರೋಗ್ಯ ಕರ್ನಾಟಕ ಯೋಜನೆಗೆ ಆಸ್ಪತ್ರೆ ಕಳಿಸಿದ ಅನುಮತಿ ಅರ್ಜಿ

ಬಯಾಪ್ಸಿ ಆಗಿದ್ದರೆ ಸ್ಲೈಡ್ ಮತ್ತು ಮೇಣದ ಬ್ಲಾಕನ್ನು ಇನ್ನೊಂದು ಕಡೆ ತೋರಿಸಲು ಕೇಳಬಹುದು. ಕೇಸು ಎಂಎಲ್‌ಸಿ (ಆಸ್ಪತ್ರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಆಗಿದ್ದರೆ ‘ಮೂಲ ಪೊಲೀಸರ ಹತ್ತಿರ ಇದೆ’ ಎನ್ನುತ್ತಾರೆ. ಆಗ ಠಾಣೆಗೆ ಕೊಡುವಾಗ ಇಟ್ಟುಕೊಂಡ ಪ್ರತಿಯ ಪ್ರತಿ ಕೇಳಿ.

ಕಟ್ಟು ಕೈಗೆ ಬಂದಾಗ ಅಲ್ಲೇ ಕೂತು ಎಣಿಸಿ. ಐಸಿಯು ಚಾರ್ಟು ಅಗಲವಾದ ಎ3 ಹಾಳೆ. ಅದನ್ನು ಎ4ಗೆ ಜೆರಾಕ್ಸ್ ಮಾಡಿದಾಗ ಬಲ ಅಂಚು ಕತ್ತರಿಸಿಹೋಗುತ್ತದೆ, ಎಷ್ಟೋ ಸಲ ಬೆಳಗಿನ ಜಾವದ ಅಂಕಣಗಳು ಇರುವುದು ಆ ಅಂಚಿನಲ್ಲೇ. ಟಿಪಿಆರ್ ಮತ್ತು ಡ್ರಗ್ ಚಾರ್ಟಿನ ಹಿಂಬದಿ ಬಿಟ್ಟುಹೋಗುವುದು ಇನ್ನೊಂದು ಮಾಮೂಲು ತಪ್ಪು. ಎಲ್ಲ ದಿನಗಳೂ ಇವೆಯೇ, ರಾತ್ರಿ ಪಾಳಿಯ ನೋಟ್ಸ್ ಇದೆಯೇ ನೋಡಿ. ಇದನ್ನೆಲ್ಲ ನೋಡದೆ ‘ಸಂಪೂರ್ಣ ದಾಖಲೆ ಪಡೆದಿದ್ದೇನೆ’ ಎಂಬ ಪುಸ್ತಕಕ್ಕೆ ಸಹಿ ಹಾಕಬೇಡಿ. ‘ಒಟ್ಟು ಇಷ್ಟು ಪುಟ ಪಡೆದಿದ್ದೇನೆ’ ಎಂದು ಬರೆದು ಸಹಿ ಮಾಡಿ.

ಸರ್ಕಾರಿ ಆಸ್ಪತ್ರೆಯಾದರೆ

ಮೇಲಿನ ಅರ್ಜಿಯನ್ನೇ ಕೊಡಿ. ಜೊತೆಗೆ ಮಾಹಿತಿ ಹಕ್ಕಿನಡಿ ಆ ಆಸ್ಪತ್ರೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೂ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಬಿಪಿಎಲ್ ಕುಟುಂಬಕ್ಕೆ ಅರ್ಜಿ ಶುಲ್ಕವಿಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗೆ ಇರಬೇಕು. ಉದ್ದ ಕಥೆ ಬರೆದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ. ‘ಯಾಕೆ ಹೀಗೆ ಮಾಡಿದಿರಿ’ ಎಂದು ಕೇಳಬೇಡಿ, ಅದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ. ‘ಈ ಐಪಿ ಸಂಖ್ಯೆಯ ಕೇಸ್ ಶೀಟಿನ ದೃಢೀಕೃತ ಪ್ರತಿ, ಆ ದಿನದ ಡ್ಯೂಟಿ ಪಟ್ಟಿಯ ಪ್ರತಿ’ ಎಂದು ಕಾಗದವನ್ನೇ ಕೇಳಿ. ಮೂರನೆಯವರ ಖಾಸಗಿ ಮಾಹಿತಿ ಎಂಬ ಆಕ್ಷೇಪ ಬಾರದಂತೆ ಮದುವೆ ಪುರಾವೆಯನ್ನು ಮೊದಲೇ ಲಗತ್ತಿಸಿ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ನಿಮ್ಹಾನ್ಸ್ ಕೇಂದ್ರದ ಸಂಸ್ಥೆಯಾದ್ದರಿಂದ ಅಲ್ಲಿಗೆ ಕೇಂದ್ರದ ಆರ್‌ಟಿಐ ಪೋರ್ಟಲ್.

ಸಾವಿನ ಕಾರಣ ಬರೆದ ಹಾಳೆ

ಪಾಲಿಕೆಯಿಂದಲೋ ಊರಿನ ನೋಂದಣಾಧಿಕಾರಿಯಿಂದಲೋ ಬರುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಂ ಅದನ್ನು ತೋರಿಸಬಾರದೆಂದೇ ಹೇಳುತ್ತದೆ. ಕಾರಣ ಇರುವುದು ಡಾಕ್ಟರು ತುಂಬುವ ನಮೂನೆ 4ರಲ್ಲಿ (ಮನೆಯಲ್ಲಿ ತೀರಿಕೊಂಡರೆ 4ಎ). 2023ರ ತಿದ್ದುಪಡಿಯಂತೆ ಆಸ್ಪತ್ರೆ ಇದನ್ನು ನೋಂದಣಾಧಿಕಾರಿಗೆ ಕಳಿಸುವುದರ ಜೊತೆಗೆ ಹತ್ತಿರದ ಸಂಬಂಧಿಗೂ ಒಂದು ಪ್ರತಿ ಕೊಡಬೇಕು. ಕೇಳದೆ ಕೊಡುವವರು ಕಡಿಮೆ, ಆದ್ದರಿಂದ ಹೆಸರು ಹೇಳಿಯೇ ಕೇಳಿ.

ಓದುವುದು ಹೀಗೆ. ಮೊದಲ ಭಾಗದ ಎ ಸಾಲು ಕೊನೆಯ ಘಟ್ಟದ ಕಾರಣ. ಬಿ, ಸಿ ಸಾಲುಗಳು ಅದರ ಹಿಂದಿನ ಕಾರಣಗಳು. ಎ ಸೆಪ್ಟಿಕ್ ಶಾಕ್, ಬಿ ನ್ಯುಮೋನಿಯಾ ಎಂದಿದ್ದರೆ ಶ್ವಾಸಕೋಶದ ಸೋಂಕು ರಕ್ತಕ್ಕೆ ಹರಡಿ ಬಿಪಿ ಕುಸಿದು ಸಾವು ಬಂತೆಂದು ಅರ್ಥ. ಸಕ್ಕರೆ ಕಾಯಿಲೆಯಂಥ ಜೊತೆಗಾರ ರೋಗಗಳು ಎರಡನೆಯ ಭಾಗಕ್ಕೆ ಹೋಗುತ್ತವೆ. ಬರೀ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಎಂದು ಬರೆದಿದ್ದರೆ ಅದು ಉತ್ತರವಲ್ಲ. ಹೃದಯವೂ ಉಸಿರೂ ನಿಂತವು ಎಂಬುದು ಪ್ರತಿ ಸಾವಿಗೂ ಸಲ್ಲುವ ಮಾತು. ಯಾವ ರೋಗದಿಂದ ನಿಂತವು ಎಂದು ಕೇಳುವುದು ನಿಮ್ಮ ಮೊದಲ ಪ್ರಶ್ನೆಯಾಗಲಿ.

ಹೊತ್ತಿನ ಪಟ್ಟಿ

ಕಟ್ಟನ್ನು ಮೊದಲ ಪುಟದಿಂದ ಓದುತ್ತ ಹೋದರೆ ಏನೂ ಹೊಳೆಯುವುದಿಲ್ಲ, ಮನಸ್ಸೂ ಸೋಲುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಹಾಕಿ: ದಿನಾಂಕ ಮತ್ತು ಹೊತ್ತು, ಏನಾಯಿತು, ಯಾರು ಬರೆದದ್ದು, ಪುಟಸಂಖ್ಯೆ. ಡಾಕ್ಟರ ಟಿಪ್ಪಣಿ, ನರ್ಸ್ ನೋಟ್ಸ್, ಡ್ರಗ್ ಚಾರ್ಟ್, ಲ್ಯಾಬ್ ವರದಿ, ಔಷಧದ ಬಿಲ್ಲು ಎಲ್ಲವನ್ನೂ ಹೊತ್ತಿನ ಪ್ರಕಾರ ಅದಕ್ಕೆ ಇಳಿಸಿ. ಇದು ಕೂಡಲೇ ಆಗುವ ಕೆಲಸವಲ್ಲ. ಬೇಡವೆನಿಸಿದ ದಿನ ಮುಚ್ಚಿಡಿ, ಅಥವಾ ಅಷ್ಟು ಹತ್ತಿರದವರಲ್ಲದ ನೆಂಟರೊಬ್ಬರಿಗೆ ಒಪ್ಪಿಸಿ.

ಒಂದು ಮಾದರಿ ನೋಡಿ. ರಾತ್ರಿ 2:10ಕ್ಕೆ ರಕ್ತದ ಮಾದರಿ ತೆಗೆದರು, 3:05ಕ್ಕೆ ಪೊಟ್ಯಾಸಿಯಂ 7.1 ಎಂದು ಲ್ಯಾಬ್ ವರದಿ ಬಂತು, ಡಾಕ್ಟರಿಗೆ ಫೋನು ಮಾಡಿದ್ದಾಗಿ ನರ್ಸ್ 5:40ಕ್ಕೆ ಬರೆದಿದ್ದಾರೆ, ಔಷಧ ಕೊಟ್ಟದ್ದು 6 ಗಂಟೆಗೆ. ಪೊಟ್ಯಾಸಿಯಂ ಅಷ್ಟು ಏರಿದರೆ ಹೃದಯದ ಬಡಿತ ತಪ್ಪಬಹುದು. ಆಗ ನಿಮ್ಮ ಪ್ರಶ್ನೆ ‘ಯಾಕೆ ಅಲಕ್ಷ್ಯ ಮಾಡಿದಿರಿ’ ಎಂಬುದಲ್ಲ, ‘3:05ರಿಂದ 5:40ರ ತನಕ ಆ ವರದಿ ಯಾರ ಕೈಯಲ್ಲಿತ್ತು’ ಎಂಬುದು. ಮೊದಲನೆಯದಕ್ಕೆ ಸಮಾಧಾನದ ಮಾತು ಸಿಗುತ್ತದೆ, ಎರಡನೆಯದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಆದರೆ ಎಲ್ಲ ವ್ಯತ್ಯಾಸವೂ ತಪ್ಪಲ್ಲ. ಯಂತ್ರದ ಗಡಿಯಾರ ಮತ್ತು ಗೋಡೆ ಗಡಿಯಾರ ಹೊಂದದಿರುವುದು ಸಾಮಾನ್ಯ. ತುರ್ತಿನಲ್ಲಿ ಕೆಲಸ ಮುಗಿಸಿ ಆಮೇಲೆ ಬರೆಯುವುದೂ ಸಹಜ. ತಿದ್ದಿ ಬರೆದದ್ದು, ಬೇರೆ ಇಂಕಿನಲ್ಲಿ ನಡುವೆ ತುರುಕಿದ ಸಾಲು, ಬಿಲ್ಲಿನಲ್ಲಿದ್ದು ಚಾರ್ಟಿನಲ್ಲಿಲ್ಲದ ಔಷಧ, ಇಂಥವನ್ನು ಗುರುತು ಹಾಕಿಕೊಳ್ಳಿ. ತೀರ್ಪು ಮಾತ್ರ ನೀವೇ ಬರೆಯಬೇಡಿ.

ಡಾಕ್ಟರ ಜೊತೆ ಕೂರುವಾಗ

ಸೂಪರಿಂಟೆಂಡೆಂಟ್ ಮೂಲಕ ಲಿಖಿತವಾಗಿ ಸಮಯ ಕೇಳಿ. ಓಪಿಡಿ ಸಾಲಿನ ನಡುವೆ ಮಾತಾಡಲು ಒಪ್ಪಬೇಡಿ. ಐದಾರು ಪ್ರಶ್ನೆಗಳನ್ನು ಬರೆದು ಮುಂಚಿತವಾಗಿ ಕಳಿಸಿ. ಹಾಗೆ ಮಾಡಿದರೆ ಅವರೂ ಫೈಲು ಓದಿಕೊಂಡು ಬರುತ್ತಾರೆ. ಬರೆದುಕೊಳ್ಳಲು ಒಬ್ಬರನ್ನು ಕರೆದೊಯ್ಯಿರಿ. ಜೋರಾಗಿ ಮಾತಾಡುವ ನೆಂಟರು ಬೇಡ. ರೆಕಾರ್ಡ್ ಮಾಡುವುದಿದ್ದರೆ ಕೇಳಿಯೇ ಮಾಡಿ. ಫಲ ಕೊಡುವ ಪ್ರಶ್ನೆಗಳು ಇವು: ಪರಿಸ್ಥಿತಿ ಕೈಮೀರುತ್ತಿದೆ ಎಂದು ಮೊದಲು ಯಾವಾಗ ಗೊತ್ತಾಯಿತು? ಆಗ ಬೇರೆ ಯಾವ ದಾರಿಗಳಿದ್ದವು, ಯಾಕೆ ಬಿಟ್ಟಿರಿ? ನಮಗೆ ಯಾವಾಗ, ಯಾರು ಹೇಳಿದರು? ಈ ಸಾವಿನ ಬಗ್ಗೆ ಆಸ್ಪತ್ರೆಯ ಒಳಗೆ ಪರಿಶೀಲನೆ ನಡೆಯಿತೇ? ಮನೆಗೆ ಬಂದ ಮೇಲೆ, ಅವರು ಹೇಳಿದ್ದನ್ನು ಒಂದು ಪುಟದಲ್ಲಿ ಬರೆದು ‘ತಾವು ಹೀಗೆ ಹೇಳಿದಿರಿ, ತಪ್ಪಿದ್ದರೆ ತಿಳಿಸಿ’ ಎಂದು ಇಮೇಲ್ ಮಾಡಿ.

ಸಮಾಧಾನವಾಗದಿದ್ದರೆ ಅದೇ ವಿಭಾಗದ, ಬೇರೆ ಆಸ್ಪತ್ರೆಯ ಹಿರಿಯ ಡಾಕ್ಟರೊಬ್ಬರ ಅಭಿಪ್ರಾಯ ಪಡೆಯಿರಿ. ಇಡೀ ಕಟ್ಟು ಒಪ್ಪಿಸುವ ಮುಂಚೆ ಒಂದು ಪುಟದ ಹೊತ್ತಿನ ಪಟ್ಟಿ ಕೊಡಿ. ಎಷ್ಟೋ ಸಲ ಇಲ್ಲಿ ಸಿಗುವ ಉತ್ತರ ‘ಬೇರೆ ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ’ ಎಂಬುದು. ದಾಖಲೆ ನೋಡಿ ಹೇಳಿದ ಆ ಮಾತಿಗೂ ಬೆಲೆಯಿದೆ. ಅವತ್ತೇ ಕರೆದುಕೊಂಡು ಹೋಗಬೇಕಿತ್ತು ಎಂದು ತಮ್ಮನ್ನೇ ಹಳಿದುಕೊಳ್ಳುತ್ತಿರುವವರಿಗಂತೂ ಅದು ಬೇಕೇ ಬೇಕು.

ದೂರಿಗೆ ಹೋಗಬೇಕಾದರೆ

72 ಗಂಟೆ ಕಳೆದರೂ ಕಾಗದ ಬಾರದಿದ್ದರೆ ಒಂದು ನೆನಪೋಲೆ ಕಳಿಸಿ, ಆಮೇಲೆ ಎರಡು ಕಡೆ ಬರೆಯಿರಿ. ಡಾಕ್ಟರ ಮೇಲಿನ ದೂರು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಖಾಸಗಿ ಆಸ್ಪತ್ರೆಯ ಮೇಲಿನದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯ ಮೂಲಕ. ಎರಡನ್ನೂ ಒಂದೇ ಪತ್ರದಲ್ಲಿ ಕಲಸಿದರೆ ಅವರು ಇವರತ್ತ, ಇವರು ಅವರತ್ತ ತೋರಿಸುತ್ತಾರೆ.

ಪೊಲೀಸ್ ದೂರಿನಿಂದ ಬೇಗ ಸತ್ಯ ಹೊರಬರುತ್ತದೆ ಎಂಬ ನಂಬಿಕೆ ಬಹಳ ಜನಕ್ಕಿದೆ. ಆದರೆ ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ನಂತರ ಡಾಕ್ಟರ ಮೇಲೆ ಕ್ರಿಮಿನಲ್ ಕ್ರಮಕ್ಕೆ ಘೋರ ನಿರ್ಲಕ್ಷ್ಯ ಕಾಣಬೇಕು, ಸ್ವತಂತ್ರ ವೈದ್ಯಕೀಯ ಅಭಿಪ್ರಾಯವೂ ಬೇಕು. ಪರಿಹಾರ ಬೇಕೆನ್ನುವವರಿಗೆ ಗ್ರಾಹಕ ಆಯೋಗವೇ ಸರಿಯಾದ ದಾರಿ. ತೀರಿಕೊಂಡವರ ವಾರಸುದಾರರಾಗಿ ನೀವು ಅಲ್ಲಿ ದೂರುದಾರರಾಗಬಹುದು. ಕೊಟ್ಟ ಬಿಲ್ಲಿನ ಮೊತ್ತ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಈ ದಾರಿ ಅನ್ವಯಿಸುವುದಿಲ್ಲ. ವಕೀಲರ ಖರ್ಚಿಗೆ ಹೆದರಬೇಡಿ: ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಗ್ರಾಹಕ ಆಯೋಗಕ್ಕೆ ಹೋಗಲು ಗಡುವು 2 ವರ್ಷ. ಸಾವಿನ ದಿನದಿಂದಲೇ ಲೆಕ್ಕ ಹಾಕಿಕೊಳ್ಳಿ. ಪರಿಷತ್ತಿನಲ್ಲಿ ವಿಚಾರಣೆ ನಡೆಯುತ್ತಿದೆ, ಆಸ್ಪತ್ರೆಯ ಉತ್ತರ ಬರಬೇಕಿದೆ ಎಂದು ಕಾದರೆ ಆ ಗಡುವು ನಿಮಗಾಗಿ ನಿಲ್ಲುವುದಿಲ್ಲ. ಆದ್ದರಿಂದ ಒಂದೂವರೆ ವರ್ಷ ತುಂಬುವ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಷ್ಟರೊಳಗೆ ವಕೀಲರಿಗೆ ಕಾಗದ ತೋರಿಸಿ.